ಅಂತೇವಾಸಿ: ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ವಿದ್ಯಾರ್ಥಿಜೀವನದ ಕಷ್ಟಗಳೂ ಅವುಗಳ ಪರಿಹಾರವೂ

ಶಾಲೆಗೆ ಹೋಗುವ ಮಗನನ್ನು ಕುರಿತು ‘ಅವನಿಗೇನು ಚಿಂತೆ, ಉಂಡು ಓದುವುದಷ್ಟೇ ಅವನ ಕೆಲಸ’ ಎಂದು ಹೇಳುವುದು ನಮ್ಮ ಹಿರಿಯರಲ್ಲಿ ಬಹುಕಾಲದ ವಾಡಿಕೆ. ಆದರೆ ಚರಿತ್ರೆಯನ್ನು ನೋಡಿದರೆ ಈ ಮಾತು ಯಾವ ಕಾಲದಲ್ಲಿಯೂ ನಿಜವಾಗಿದ್ದಂತೆ ತೋರುವುದಿಲ್ಲ. ಉಣ್ಣುವುದೇ ದುರ್ಲಭವಾಗಿದ್ದ ಕಾಲವೊಂದಿದ್ದಿತು. ಈಗ ಉಣ್ಣಲು ದೊರೆಯುತ್ತಿರುವಾಗ ಓದುವುದೇ ಭಾರವಾಗಿ ಪರಿಣಮಿಸಿರುವುದು. ವಿದ್ಯಾರ್ಥಿಯ ಹೆಗಲ ಮೇಲಿನ ಹೊರೆ ಕಾಲಕಾಲಕ್ಕೆ ತನ್ನ ಸ್ವರೂಪವನ್ನು ಬದಲಾಯಿಸಿದೆಯೇ ಹೊರತು ಇಳಿದುಹೋದುದಿಲ್ಲ. ಶ್ರೀಮಠದ ಮಹೋತ್ಸವದ ನೆನಪಿಗಾಗಿ ಹೊರಡುತ್ತಿರುವ ಈ ಸಂಪುಟದಲ್ಲಿ, ಆ ಹೊರೆಯ ಚರಿತ್ರೆಯನ್ನೂ ಅದನ್ನು ಹಗುರಮಾಡಲು ನಮ್ಮ ನಾಡಿನವರು ಕಂಡುಕೊಂಡ ಮಾರ್ಗವನ್ನೂ ಭಕ್ತವೃಂದದ ಮುಂದೆ ಸಂಗ್ರಹವಾಗಿ ನಿವೇದಿಸುವುದು ಈ ಲೇಖನದ ಉದ್ದೇಶವು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ಣಾಟಕದಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ಪ್ರದೇಶಗಳಿಗೆ ಸೇರಿದವುಗಳೆಂಬುದು ಸರ್ವವಿದಿತವಾಗಿದೆ. ಕರೀಕಲ್ಲಿನ ಗುಡ್ಡಗಳು, ಕುರುಚಲು ಗಿಡಗಳು, ಅಮೃತಮಹಲ್ ದನಗಳು ಮೇಯುತ್ತಿದ್ದ ವಿಶಾಲವಾದ ಕಾವಲುಗಳು, ಮಳೆ ಬಂದರೆ ಮಾತ್ರ ನೀರು ಕಾಣುವ ವೇದಾವತೀ ನದಿಯ ಮರಳು, ಇವೇ ಇಲ್ಲಿನ ನೋಟ. ಕುರಿ ಮತ್ತು ಕಂಬಳಿ, ಕಡಲೆಕಾಯಿ ಮತ್ತು ಎಣ್ಣೆಯ ಗಾಣ, ಮೊಳಕಾಲ್ಮೂರಿನ ರೇಷ್ಮೆಯ ಮಗ್ಗ, ಇವು ಜನರ ಜೀವನಾಧಾರಗಳು. ಮಳೆರಾಯನು ಒಂದು ವರ್ಷ ಮುನಿದರೆ ಮೊದಲು ಬರಿದಾಗುವುದು ಕಣಜ. ಎರಡನೆಯದಾಗಿ ಬರಿದಾಗುವುದು ಶಾಲೆಯ ಜಮಖಾನ. ಹೊಲದಲ್ಲಿ ಕೆಲಸವಿಲ್ಲದಿದ್ದರೆ ತಂದೆತಾಯಿಗಳು ಗುಳೆಹೋಗುವರು. ಮಕ್ಕಳು ಅವರ ಹಿಂದೆ ಹೋಗುವರು, ಇಲ್ಲವೆ ಅಜ್ಜಿಯ ಬಳಿಯಲ್ಲಿ ಉಳಿಯುವರು. ಈ ಸೀಮೆಯಲ್ಲಿ ವಿದ್ಯೆಯ ಕಥೆಯು ಅನ್ನದ ಕಥೆಯಿಂದ ಬೇರೆಯಾಗಿ ಎಂದೂ ನಡೆದುದಿಲ್ಲ.

ಇಂತಹ ಬರಡುನೆಲದಲ್ಲಿಯೇ, ಆಶ್ಚರ್ಯವೆಂಬಂತೆ, ವಿದ್ಯಾರ್ಥಿಯನ್ನು ಕುರಿತು ಕರ್ಣಾಟಕದಲ್ಲಿ ಬರೆಯಲ್ಪಟ್ಟ ಅತಿ ಪ್ರಾಚೀನವಾದ ಮಾತುಗಳಲ್ಲೊಂದು ದೊರೆತಿರುವುದು. 1892ರಲ್ಲಿ ಬಿ. ಎಲ್. ರೈಸ್ ಮಹಾಶಯರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರ ಬೆಟ್ಟ, ಈ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನಗಳನ್ನು ಕಂಡುಹಿಡಿದರು. ಇವು ಕ್ರಿಸ್ತಪೂರ್ವ ಮೂರನೆಯ ಶತಮಾನದವು; ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲವೆಂಬ ಊರಿನ ಅಧಿಕಾರಿಗಳಿಗೆ ಕಳುಹಿಸಿದ ರಾಜಾಜ್ಞೆ ಇದಾಗಿದೆ. ಕೆತ್ತಿದ ಲಿಪಿಕಾರನ ಹೆಸರು ಚಪಡ; ಅವನು ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬರೆದಿರುವನು. ಬ್ರಹ್ಮಗಿರಿಯ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ನಡೆಸಿದ ಉತ್ಖನನದಿಂದ, ಅಶೋಕನಿಗಿಂತಲೂ ಹಿಂದಿನ ಕಾಲದಿಂದ ಇಲ್ಲಿ ಜನವಸತಿಯಿದ್ದುದು ಸಿದ್ಧಪಟ್ಟಿತು.

ಈ ಶಾಸನದಲ್ಲಿ ಪ್ರಕೃತ ವಿಷಯಕ್ಕೆ ಸಂಬಂಧಪಟ್ಟ ಮೂರು ಸಂಗತಿಗಳಿವೆ. ಅವನ್ನು ಓದುಗರು ಮನಸ್ಸಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ. ಮುಂದಿನ ಮಾತೆಲ್ಲವೂ ಇವುಗಳನ್ನೇ ಆಶ್ರಯಿಸಿರುವುದು.

ಮೊದಲನೆಯದು, ಶಾಸನವು ಆರಂಭವಾಗುವ ರೀತಿ. ಆಜ್ಞೆಯನ್ನು ಹೇಳುವುದಕ್ಕೆ ಮುಂಚೆ ಇಸಿಲದ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸಬೇಕೆಂದು ಅದರಲ್ಲಿ ಹೇಳಿದೆ. ಮೊದಲು ಕುಶಲಪ್ರಶ್ನೆ, ಅನಂತರ ಉಪದೇಶ. ಎರಡನೆಯದು, ಚಕ್ರವರ್ತಿಯು ತನ್ನ ವಿಷಯವಾಗಿ ಹೇಳಿಕೊಂಡಿರುವ ಮಾತು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲ ಕಳೆದರೂ ಮೊದಲನೆಯ ವರ್ಷದಲ್ಲಿ ಸಾಕಷ್ಟು ಪ್ರಯತ್ನ ಮಾಡಲಿಲ್ಲವೆಂದೂ, ಸಂಘವನ್ನು ಸೇರಿದ ಮೇಲೆಯೇ ಚೆನ್ನಾಗಿ ಪ್ರಯತ್ನಪಟ್ಟನೆಂದೂ ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿರುವನು. ಮತ್ತು ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಾಮಾನ್ಯನೂ ಪ್ರಯತ್ನಿಸಿದರೆ ಅದನ್ನು ಪಡೆಯಬಲ್ಲನೆಂದು ಸಾರಿರುವನು. ಮೂರನೆಯದು, ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂದ ಮೇಲೆ, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ವಿಧಿ. ಇಲ್ಲಿ ಶಿಷ್ಯನಿಗೆ ಉಪಯೋಗಿಸಿರುವ ಶಬ್ದವು ‘ಅಂತೇವಾಸಿ’. ಇದರ ಅರ್ಥ ಸಮೀಪದಲ್ಲಿ ವಾಸಮಾಡುವವನು ಎಂದು. ಪಾಠ ಹೇಳಿಸಿಕೊಳ್ಳುವವನು ಎಂದಲ್ಲ, ಪರೀಕ್ಷೆ ಕೊಡುವವನು ಎಂದಲ್ಲ, ಹತ್ತಿರ ಇರುವವನು. ವಿದ್ಯಾರ್ಥಿಯಾದವನು ಒಂಟಿಯಲ್ಲವೆಂಬ ತತ್ತ್ವವು ಈ ಒಂದು ಶಬ್ದದಲ್ಲಿಯೇ ಅಡಕವಾಗಿರುವುದು.

ಹತ್ತಿರ ಇರುವವನಿಗೆ ಅನ್ನ ಕೊಡಬೇಕಾದುದು ಸಹಜವಷ್ಟೆ. ಆದುದರಿಂದಲೇ ನಮ್ಮ ನಾಡಿನ ವಿದ್ಯಾಕೇಂದ್ರಗಳು ಪ್ರಾಚೀನ ಕಾಲದಿಂದಲೂ ಅನ್ನಕೇಂದ್ರಗಳಾಗಿಯೂ ಇದ್ದುವು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖ ಶೈವರ ಕೋಡಿಯಮಠವೆಂಬುದೊಂದಿತ್ತು. 1162ರ ಶಾಸನವೊಂದು ಅದನ್ನು ವರ್ಣಿಸುವಾಗ, ನಾಲ್ಕು ವೇದಗಳು, ಪಾಣಿನಿ ಶಾಕಟಾಯನಾದಿಗಳ ವ್ಯಾಕರಣಗಳು, ದರ್ಶನಗಳು, ಪುರಾಣ, ಕಾವ್ಯ, ನಾಟಕ ಇವುಗಳ ವ್ಯಾಖ್ಯಾನಸ್ಥಾನವೆಂದು ಹೇಳಿ, ಅದೇ ಉಸಿರಿನಲ್ಲಿ ದೀನರಿಗೂ ಅನಾಥರಿಗೂ ಕುಂಟ ಕುರುಡ ಕಿವುಡರಿಗೂ ಅನ್ನವನ್ನಿಕ್ಕುವ ಸ್ಥಾನವೆಂದೂ ರೋಗಿಗಳಿಗೆ ಚಿಕಿತ್ಸೆ ಮಾಡುವ ಸ್ಥಾನವೆಂದೂ ಹೇಳುತ್ತದೆ. ವಿದ್ಯೆ, ಅನ್ನ, ಔಷಧಿ ಮೂರೂ ಒಂದೇ ಬಾಗಿಲಿನೊಳಗೆ ಇದ್ದುವೆಂಬುದು ಗಮನಾರ್ಹವಾದ ವಿಷಯವು. ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕ ಮತ್ತು ದಾಸೋಹಗಳೆಂಬ ಎರಡು ತತ್ತ್ವಗಳನ್ನು ಕೊಟ್ಟರು. ಕೊಡುವವನು ಮೇಲು, ತೆಗೆದುಕೊಳ್ಳುವವನು ಕೀಳು ಎಂಬ ಭಾವನೆಯನ್ನು ದಾಸೋಹವು ತೊಡೆದುಹಾಕಿತು. ಬಡ ವಿದ್ಯಾರ್ಥಿಯು ತಲೆತಗ್ಗಿಸದೆ ಉಣ್ಣುವುದಕ್ಕೆ ಬೇಕಾದ ಧರ್ಮದ ಆಧಾರವು ಇದರಿಂದ ದೊರೆತಂತಾಯಿತು.

ಆದರೆ ತತ್ತ್ವವಿದ್ದ ಮಾತ್ರಕ್ಕೆ ಎಲ್ಲೆಡೆಯಲ್ಲಿಯೂ ವ್ಯವಸ್ಥೆಯಿತ್ತೆಂದು ತಿಳಿಯಬಾರದು. ನಮ್ಮ ತಾತ ಮುತ್ತಾತಂದಿರ ಕಾಲದಲ್ಲಿ ಪರಸ್ಥಳದಲ್ಲಿ ಓದುವ ಬ್ರಾಹ್ಮಣ ವಟುಗಳಿಗೆ ವಾರಾನ್ನವೂ, ಜಂಗಮ ವಟುಗಳಿಗೆ ಕಂತಿಭಿಕ್ಷೆಯೂ ಆಧಾರವಾಗಿದ್ದುವು. ವಾರಾನ್ನವೆಂದರೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳಲ್ಲಿ ಊಟ. ಯಾವುದಾದರೂ ಮನೆಯಲ್ಲಿ ಕಾಯಿಲೆಯೋ ಸೂತಕವೋ ಬಂದರೆ ಆ ವಾರ ಉಪವಾಸ. ಕಂತಿಭಿಕ್ಷೆಯಾದರೋ, ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಮನೆಮನೆಯ ಮುಂದೆ ನಿಂತು ಬೇಡಿತಂದು ಕೂಡಿ ಉಣ್ಣುವುದು. ಇವೆರಡೂ ಎಷ್ಟೋ ಮಂದಿಯನ್ನು ವಿದ್ವಾಂಸರನ್ನಾಗಿ ಮಾಡಿದುವು, ನಿಜ. ಆದರೂ ಹನ್ನೆರಡು ವರ್ಷದ ಬಾಲಕನಿಗೆ ಮಧ್ಯಾಹ್ನದ ಊಟದ ಸಂದೇಹವು ಬೆಳಗಿನ ಪಾಠದ ಮೇಲೆ ಹೇಗೆ ಕವಿದಿದ್ದಿರಬೇಕೆಂಬುದನ್ನು ಊಹಿಸಬಹುದು. ಇದಕ್ಕಿಂತ ಹೆಚ್ಚಿನ ವ್ಯಥೆಯ ಸಂಗತಿಯೊಂದುಂಟು. ಈ ಸೀಮೆಯ ಮ್ಯಾಸಬೇಡರ, ಕಾಡುಗೊಲ್ಲರ, ಕುರುಬರ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ವಾರಾನ್ನವೂ ಇರಲಿಲ್ಲ, ಜೋಳಿಗೆಯೂ ಇರಲಿಲ್ಲ. ಅವರು ವಿದ್ಯಾರ್ಥಿಗಳಾಗಿ ಕಷ್ಟಪಡುವ ಅವಕಾಶವನ್ನೇ ಪಡೆಯಲಿಲ್ಲ.

1876ರಿಂದ 1878ರವರೆಗಿನ ಮಹಾಕ್ಷಾಮವು ಮೈಸೂರು ಸೀಮೆಯನ್ನು ಹಿಂಡಿತು. 1871ರ ಗಣತಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತೆಂದರೆ ಅದರ ಘೋರತೆಯು ತಿಳಿದೀತು. ಕ್ಷಾಮದ ನೆನಪು ಮಾಸುವುದಕ್ಕೆ ಮುಂಚೆಯೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಿತು. ಈ ಆಪತ್ತುಗಳ ನಡುವೆಯೇ ಹೊಸ ವಿದ್ಯಾಭ್ಯಾಸಪದ್ಧತಿಯು ಬೇರೂರಿತು. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನೂ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಬಂದುವು. ಆದರೆ ಹೊಸ ಪದ್ಧತಿಯಲ್ಲಿ ವಿದ್ಯೆಯು ಮೆಟ್ಟಿಲು ಮೆಟ್ಟಿಲಾಗಿ ದೂರದೂರದ ಊರುಗಳಲ್ಲಿ ಹಂಚಿಹೋಗಿತ್ತು. ಕೆಳಗಿನ ತರಗತಿಗಳು ಮುಗಿದ ಮೇಲೆ ಚಳ್ಳಕೆರೆಯ ಹುಡುಗನು ಸುಮಾರು 30 ಕಿಲೋಮೀಟರು ದೂರದ ಚಿತ್ರದುರ್ಗಕ್ಕೂ, ಕಾಲೇಜಿಗಾದರೆ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕಾಗಿತ್ತು. ರಾಯದುರ್ಗದ ಗಡಿಗೆ ಅಂಟಿಕೊಂಡಿರುವ ಮೊಳಕಾಲ್ಮೂರಿನವನಿಗೆ ಈ ದಾರಿಯು ಇನ್ನೂ ದೀರ್ಘ. ಚಿತ್ರದುರ್ಗದಲ್ಲಿ ಓದಿ ಮುಂದೆ ನಾಡಿನ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ಬಿ. ಎ. ಪದವಿಗಾಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೂ, 1926ರಲ್ಲಿ ಪಡೆದ ಕಾನೂನು ಪದವಿಗಾಗಿ ಪುಣೆಯವರೆಗೂ ಹೋಗಬೇಕಾಯಿತೆಂಬುದನ್ನು ನೆನೆದರೆ, ಬಯಲುಸೀಮೆಯ ವಿದ್ಯಾರ್ಥಿಗೆ ದೂರವೇ ಮೊದಲನೆಯ ಪರೀಕ್ಷೆಯಾಗಿತ್ತೆಂಬುದು ಸ್ಪಷ್ಟವಾಗುವುದು.

ಹಳ್ಳಿಯಿಂದ ಪಟ್ಟಣಕ್ಕೆ ಬಂದ ಹುಡುಗನಿಗೆ ಪಟ್ಟಣದಲ್ಲಿ ಬಂಧುಗಳಿಲ್ಲ, ಬಾಡಿಗೆಗೆ ಹಣವಿಲ್ಲ, ಪಾಠದ ಇಂಗ್ಲಿಷು ತಿಳಿಯದು, ತಿಳಿಯದೆಂದು ಹೇಳಲು ನಾಚಿಕೆ. ಈ ಕಷ್ಟವನ್ನು ಕಂಡವರು ನಮ್ಮ ಮಠಗಳ ಗುರುಗಳು ಮತ್ತು ಕೆಲವು ಮಂದಿ ಧರ್ಮಿಷ್ಠ ವರ್ತಕರು. ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಸಂಪಾದಿಸಿದ ಗುಬ್ಬಿ ತೋಟದಪ್ಪನವರು (1838–1910) ರೈಲ್ವೆ ನಿಲ್ದಾಣದ ಎದುರಿಗೆ ಛತ್ರವನ್ನು ಕಟ್ಟಿಸಿ, ತಮ್ಮ ಆಸ್ತಿಯನ್ನು ಪ್ರಯಾಣಿಕರ ತಂಗುವಿಕೆಗೂ ವಿದ್ಯಾರ್ಥಿಗಳ ನಿಲಯಕ್ಕೂ ವಿನಿಯೋಗವಾಗುವಂತೆ ಧರ್ಮಸಂಸ್ಥೆಯ ವಶಕ್ಕೆ ಕೊಟ್ಟರು. ಉತ್ತರ ಕರ್ಣಾಟಕದಲ್ಲಿ ಧಾರವಾಡದ ಮುರುಘಾಮಠದ ಶ್ರೀ ಮೃತ್ಯುಂಜಯ ಅಪ್ಪಗಳು 1917ರಲ್ಲಿ ಉಚಿತ ಪ್ರಸಾದನಿಲಯವನ್ನು ಸ್ಥಾಪಿಸಿದರು. ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಮಹಾಸ್ವಾಮಿಗಳು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹಲವು ಪಟ್ಟಣಗಳಲ್ಲಿ ವಿದ್ಯಾರ್ಥಿನಿಲಯಗಳಿಗೆ ಆಶ್ರಯದಾತರಾದರು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಉದ್ದಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಸಂಸ್ಕೃತ ಪಾಠಶಾಲೆಯು ಆರಂಭವಾಯಿತು.

ಈ ಪರಂಪರೆಯ ಫಲವನ್ನೂ ಬೀಜವನ್ನೂ ಒಂದೇ ಜೀವನದಲ್ಲಿ ನೋಡಬೇಕಾದರೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳ (1907–2019) ವಿದ್ಯಾರ್ಥಿದೆಸೆಯನ್ನು ನೋಡಬೇಕು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು, ಅಕ್ಕನ ಊರಾದ ನಾಗವಲ್ಲಿಯಲ್ಲಿ ಓದಿ, ತುಮಕೂರಿನಲ್ಲಿ ಪ್ರೌಢವಿದ್ಯಾಭ್ಯಾಸ ಮಾಡುತ್ತಿದ್ದಾಗ ಪ್ಲೇಗಿನ ಹಾವಳಿಯಿಂದ ಅವರು ಸಿದ್ಧಗಂಗೆಯ ಮಠದ ಆಶ್ರಯಕ್ಕೆ ಬಂದರು. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅವರು ವಾಸಮಾಡಿದುದು ಗುಬ್ಬಿ ತೋಟದಪ್ಪನವರ ನಿಲಯದಲ್ಲಿ. 1930ರಲ್ಲಿ ಅವರು ವಿರಕ್ತಾಶ್ರಮವನ್ನು ಸ್ವೀಕರಿಸಿ ಮಠದ ಉತ್ತರಾಧಿಕಾರಿಗಳಾದರು. ಆಶ್ರಯವನ್ನು ಪಡೆದ ವಿದ್ಯಾರ್ಥಿಯೇ ಆಶ್ರಯವನ್ನು ಕೊಡುವ ಗುರುವಾಗಿ, ಅವರ ಕಾಲದಲ್ಲಿ ಸಿದ್ಧಗಂಗೆಯಲ್ಲಿ ಉಚಿತವಾಗಿ ಉಂಡು ಓದುವ ಮಕ್ಕಳ ಸಂಖ್ಯೆಯು ಸುಮಾರು ಹತ್ತು ಸಾವಿರದವರೆಗೆ ಬೆಳೆಯಿತು. ಜಾತಿಮತಗಳನ್ನು ಕೇಳದೆ ಮಕ್ಕಳನ್ನು ಸೇರಿಸಿಕೊಂಡುದು ಅಲ್ಲಿನ ವಿಶೇಷವು.

ಪ್ರಸಾದನಿಲಯವು ಹಸಿವನ್ನು ಮಾತ್ರ ನೀಗಿತೆಂದು ತಿಳಿದರೆ ಅದರ ಅರ್ಧ ಪ್ರಯೋಜನವನ್ನೇ ತಿಳಿದಂತಾಗುವುದು. ಅಲ್ಲಿ ನಸುಕಿನಲ್ಲಿ ಗಂಟೆ ಬಾರಿಸುವುದು, ಸ್ನಾನ, ಲಿಂಗಪೂಜೆ, ಸಾಮೂಹಿಕ ಪ್ರಾರ್ಥನೆ, ಓದು, ಕಸ ಗುಡಿಸುವುದು, ನೀರು ಸೇದುವುದು, ಪಂಕ್ತಿಯಲ್ಲಿ ಕುಳಿತು ಮುದ್ದೆ ಸಾರು ಉಣ್ಣುವುದು. ಹೊತ್ತು ಹೊತ್ತಿಗೆ ಇಂಥದೆಂಬ ಕ್ರಮವಿದ್ದಾಗ ಮನಸ್ಸಿನ ಅರ್ಧ ಕಳವಳವು ತಾನಾಗಿಯೇ ಇಳಿಯುತ್ತದೆ. ಮೇಲಿನ ತರಗತಿಯವನು ಕೆಳಗಿನ ತರಗತಿಯವನಿಗೆ ಲೆಕ್ಕ ಹೇಳಿಕೊಡುವನು. ಹೇಳಿಕೊಟ್ಟವನಿಗೂ ಅದು ಮತ್ತೊಮ್ಮೆ ಗಟ್ಟಿಯಾಗುವುದು. ಇಂಗ್ಲಿಷು ಬಾರದವನು ತಾನೊಬ್ಬನೇ ಅಲ್ಲವೆಂಬುದು ಪಕ್ಕದ ಚಾಪೆಯವನನ್ನು ನೋಡಿದಾಗ ತಿಳಿಯುವುದು. ಜ್ವರ ಬಂದರೆ ಹಣೆ ಮುಟ್ಟಿ ನೋಡುವವರೊಬ್ಬರಿರುವರು. ಸಂಘವನ್ನು ಸೇರಿದ ಮೇಲೆಯೇ ತಾನು ಚೆನ್ನಾಗಿ ಪ್ರಯತ್ನಪಟ್ಟೆನೆಂಬ ಬ್ರಹ್ಮಗಿರಿಯ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವುಂಟೆ?

ಚರಿತ್ರೆಯನ್ನು ಬರೆಯುವವನು ಸ್ತುತಿಯನ್ನು ಮಾತ್ರ ಬರೆಯತಕ್ಕದ್ದಲ್ಲ. ಆರಂಭಕಾಲದ ವಿದ್ಯಾರ್ಥಿನಿಲಯಗಳು ಬಹುಮಟ್ಟಿಗೆ ಆಯಾ ಸಮಾಜದ ಮಕ್ಕಳಿಗಾಗಿ ಏರ್ಪಟ್ಟವು. ಎಲ್ಲರಿಗೂ ಬಾಗಿಲು ತೆರೆಯುವುದಕ್ಕೆ ಕಾಲ ಹಿಡಿಯಿತು. ಹೆಣ್ಣುಮಕ್ಕಳಿಗಾದರೋ ಆ ಬಾಗಿಲು ಇನ್ನೂ ತಡವಾಗಿ ತೆರೆಯಿತು. ಅವರಿಗೆ ಓದಿನ ಒತ್ತಡಕ್ಕಿಂತ ಮುಂಚೆ ಎಳೆಯ ವಯಸ್ಸಿನ ಮದುವೆಯ ಒತ್ತಡವೂ ಮನೆಗೆಲಸದ ಒತ್ತಡವೂ ಇದ್ದುವು, ಕೆಲವೆಡೆ ಇಂದಿಗೂ ಇವೆ. ಇನ್ನೊಂದು ಮಾತು. ಶಿಸ್ತೆಂಬುದು ಭಯವಾಗಿ ಮಾರ್ಪಟ್ಟ ನಿಲಯದಲ್ಲಿ ಮಗುವು ಹತ್ತಿರವಿದ್ದರೂ ಅಂತೇವಾಸಿಯಾಗಲಾರದು. ತನಗಾದ ನೋವನ್ನು, ಅದು ಯಾರಿಂದಲೇ ಆಗಿರಲಿ, ನಿರ್ಭಯವಾಗಿ ಹೇಳಿಕೊಳ್ಳಲು ಒಬ್ಬ ಹಿರಿಯರಿರಬೇಕು. ಹೇಳಿದುದನ್ನು ಕೇಳಿ ನ್ಯಾಯ ದೊರಕಿಸುವ ಮಾರ್ಗವಿರಬೇಕು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯು ಆಚಾರ್ಯನು ಆ ಗೌರವಕ್ಕೆ ಅರ್ಹನಾಗಿರಬೇಕೆಂಬ ವಿಧಿಯನ್ನೂ ಒಳಗೊಂಡಿದೆ.

ಸ್ವಾತಂತ್ರ್ಯಾನಂತರ ಮಠಗಳು ಮಾಡುತ್ತಿದ್ದ ಕೆಲಸಕ್ಕೆ ಸರಕಾರವೂ ಕೈಜೋಡಿಸಿತು. ಹಿಂದುಳಿದ ವರ್ಗಗಳ ಮತ್ತು ಪರಿಶಿಷ್ಟರ ಮಕ್ಕಳಿಗೆ ತಾಲ್ಲೂಕು ಕೇಂದ್ರಗಳಲ್ಲಿ ವಿದ್ಯಾರ್ಥಿನಿಲಯಗಳಾದುವು, ವಸತಿಶಾಲೆಗಳು ಬಂದುವು. 2002ರಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ನಾಡೆಲ್ಲ ಹಬ್ಬಿದ ಶಾಲಾಮಕ್ಕಳ ಮಧ್ಯಾಹ್ನದ ಊಟದ ಯೋಜನೆಗೆ ಸರಕಾರವು ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಶರಣರ ಒಂದು ಶಬ್ದವು ಎಂಟು ಶತಮಾನಗಳ ಅನಂತರ ಸರಕಾರದ ಕಡತದೊಳಗೆ ಸೇರಿ ಹಳ್ಳಿಹಳ್ಳಿಯ ಶಾಲೆಯ ಒಲೆಯನ್ನು ಹೊತ್ತಿಸಿದುದು ನಮಗೆಲ್ಲ ಸಂತೋಷದ ವಿಷಯವು. ಈ ಸೀಮೆಯಲ್ಲಿಯೇ ವಿದ್ಯೆಯನ್ನು ನೆಲೆಗೊಳಿಸಲು ಶ್ರಮಿಸಿದವರನ್ನೂ ಇಲ್ಲಿ ಸ್ಮರಿಸಬೇಕು. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯಲ್ಲಿ ಗಾಂಧೀಮಾರ್ಗಿಗಳಾದ ಬೆಳಗೆರೆ ಕೃಷ್ಣಶಾಸ್ತ್ರಿಗಳು (1916–2013) ತಮ್ಮ ಹಳ್ಳಿಯಲ್ಲಿಯೇ ಶಾಲೆಯನ್ನು ಕಟ್ಟಿ ಬೆಳೆಸಿದರು. ಅದೇ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಸುಮಾರು 1,500 ಎಕರೆಯಲ್ಲಿ ತನ್ನ ಎರಡನೆಯ ನೆಲೆಯನ್ನು ಮಾಡಿಕೊಂಡು, ಅಲ್ಲಿ ವಿಜ್ಞಾನದ ಉಪಾಧ್ಯಾಯರಿಗೆ ತರಬೇತಿ ಕೊಡುತ್ತಿದೆ. ಒಂದು ಕಾಲಕ್ಕೆ ವಿದ್ಯೆಗಾಗಿ ಊರು ಬಿಟ್ಟು ಹೋಗಬೇಕಾಗಿದ್ದ ಸೀಮೆಗೆ ಈಗ ಗುರುಗಳೇ ಕಲಿಯಲು ಬರುತ್ತಿರುವರು.

ಹಾಗಾದರೆ ವಿದ್ಯಾರ್ಥಿಯ ಕಷ್ಟವು ತೀರಿತೆ? ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ಪ್ರಕಟಿಸಿದ ಲೆಕ್ಕದಂತೆ 2022ನೆಯ ಒಂದು ವರ್ಷದಲ್ಲಿ ಭಾರತದಲ್ಲಿ 13,044 ಮಂದಿ ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಕ್ಷಾಮದಿಂದಲ್ಲ, ಪ್ಲೇಗಿನಿಂದಲ್ಲ, ಅನ್ನವೂ ಪುಸ್ತಕವೂ ದೊರೆಯುವ ಕಾಲದಲ್ಲಿ. ಪ್ರತಿಯೊಂದಕ್ಕೂ ಕಾರಣವು ಬೇರೆಯಾಗಿರಬಹುದು. ಒಂದೇ ಕಾರಣವನ್ನು ಆರೋಪಿಸುವುದು ಸರಿಯಲ್ಲ. ಆದರೆ ಇಂದಿನ ಮಕ್ಕಳ ಮೇಲಿನ ಹೊರೆ ಯಾವುದೆಂಬುದನ್ನು ಕಣ್ಣಿದ್ದವರೆಲ್ಲ ಕಾಣಬಹುದು. ಅಂಕಗಳ ಪೈಪೋಟಿ, ಒಂದು ದಿನದ ಪರೀಕ್ಷೆಯಿಂದ ಇಡೀ ಜನ್ಮವು ನಿರ್ಧಾರವಾಗುವುದೆಂಬ ಭಯ, ಪಕ್ಕದ ಮನೆಯವನೊಡನೆ ಹೋಲಿಕೆ, ರಾತ್ರಿಯ ನಿದ್ರೆಯನ್ನು ಕದಿಯುವ ಮೊಬೈಲು, ಮತ್ತು ಇವೆಲ್ಲಕ್ಕಿಂತ ಹೆಚ್ಚಾಗಿ ತನ್ನ ಓದಿಗಾಗಿ ತಂದೆ ಮಾಡಿದ ಸಾಲದ ಅರಿವು.

ಕಡೆಯದು ನಮ್ಮ ಸೀಮೆಯಲ್ಲಿ ವಿಶೇಷವಾಗಿ ಕಾಡುವುದು. ಕಡಲೆಕಾಯಿಯ ಬೆಳೆ ಒಣಗಿದ ವರ್ಷ ಮಗನ ಕಾಲೇಜಿನ ಶುಲ್ಕವನ್ನು ಹೊಂದಿಸಲು ತಂದೆಯು ಯಾರ ಬಾಗಿಲಲ್ಲಿ ನಿಂತನೆಂಬುದು ಮಗನಿಗೆ ತಿಳಿಯದೆ ಇರುವುದಿಲ್ಲ. ಮೊಳಕಾಲ್ಮೂರಿನ ನೇಕಾರನ ಮಗಳು ಮಗ್ಗದ ಸದ್ದಿನ ಪಕ್ಕದಲ್ಲಿ ಪುಸ್ತಕ ಬಿಡಿಸುವಾಗ, ತನ್ನ ಓದಿನ ಒಂದೊಂದು ಗಂಟೆಯೂ ಮನೆಯ ದುಡಿಮೆಯಲ್ಲಿ ಕಡಮೆಯಾದ ಒಂದೊಂದು ಗಂಟೆಯೆಂದು ಬಲ್ಲಳು. ಇಂತಹ ಮಕ್ಕಳು ಸೋಮಾರಿಗಳಲ್ಲ. ಇವರು ಅತಿಯಾಗಿ ಹೊಣೆಯರಿತವರು. ಆದುದರಿಂದಲೇ ಒಂದು ಪರೀಕ್ಷೆಯಲ್ಲಿ ತಪ್ಪಿದರೆ ತಂದೆತಾಯಿಗಳ ಶ್ರಮವನ್ನೆಲ್ಲ ಹಾಳುಮಾಡಿದೆವೆಂದು ಒಳಗೊಳಗೇ ಕುದಿಯುವರು, ಯಾರಿಗೂ ಹೇಳರು. ಹಿಂದಿನ ಹುಡುಗನ ಹಸಿವು ಮುಖದಲ್ಲಿ ಕಾಣುತ್ತಿತ್ತು, ಕಂಡವರು ಕರೆದು ಉಣಿಸುತ್ತಿದ್ದರು. ಇಂದಿನ ಹುಡುಗನ ಸಂಕಟವು ಮುಖದಲ್ಲಿ ಕಾಣುವುದಿಲ್ಲ. ಕೇಳಿದರೆ ಮಾತ್ರ ತಿಳಿಯುವುದು.

ಆದುದರಿಂದ ಕೇಳುವುದೇ ಈ ಕಾಲದ ದಾಸೋಹವೆಂದು ನಮ್ಮ ವಿನಂತಿ. ಕೇಳುವುದರಲ್ಲಿಯೂ ಕ್ರಮವೊಂದುಂಟು. ಬ್ರಹ್ಮಗಿರಿಯ ಶಾಸನವು ಮೊದಲು ಆರೋಗ್ಯವನ್ನು ಕೇಳಿ ಅನಂತರ ಧರ್ಮವನ್ನು ಹೇಳಿತು. ನಾವಾದರೋ ಮಗನು ನಿಲಯದಿಂದ ಊರಿಗೆ ಬಂದೊಡನೆ ಬಾಗಿಲಲ್ಲಿಯೇ ‘ಎಷ್ಟು ಅಂಕ ಬಂದವು?’ ಎಂದು ಕೇಳುವೆವು. ‘ಚೆನ್ನಾಗಿ ನಿದ್ದೆ ಬರುತ್ತದೆಯೇನಪ್ಪ? ಹೊಟ್ಟೆತುಂಬ ಉಣ್ಣುತ್ತೀಯಾ? ಜೊತೆಗಾರರು ಹೇಗಿದ್ದಾರೆ?’ ಎಂಬ ಪ್ರಶ್ನೆಗಳು ಮೊದಲು ಬರಲಿ. ಅಂಕದ ಮಾತು ಊಟವಾದ ಮೇಲೆ ಬರಲಿ. ಇದಕ್ಕೆ ಹಣ ಬೇಡ, ವಿದ್ಯೆ ಬೇಡ. ಕುರಿ ಕಾಯುವ ತಂದೆಗೂ ಇದು ಸಾಧ್ಯ.

ಪ್ರಯತ್ನದ ಅಳತೆಯ ವಿಷಯದಲ್ಲಿ ನಮ್ಮ ಸೀಮೆಯ ಸಂತರೊಬ್ಬರ ಮಾತು ವಿದ್ಯಾರ್ಥಿಗಳಿಗೆ ದಾರಿದೀಪವಾಗಬಲ್ಲುದು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಶ್ರೀ ತಿಪ್ಪೇರುದ್ರಸ್ವಾಮಿಗಳು ಈ ಬರದ ನೆಲದಲ್ಲಿ ಕೆರೆಗಳನ್ನು ಕಟ್ಟಿಸಿದವರೆಂದು ಪ್ರಸಿದ್ಧರು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಅವರ ಹೆಸರಿನೊಡನೆ ಜನರ ಬಾಯಲ್ಲಿ ಉಳಿದಿರುವ ನುಡಿ. ಇದನ್ನು ಸೋಮಾರಿಗಳಿಗೆ ಎಚ್ಚರಿಕೆಯೆಂದು ಮಾತ್ರ ನಾವು ತಿಳಿಯುತ್ತಾ ಬಂದಿರುವೆವು. ಅದರಲ್ಲಿ ಸಮಾಧಾನದ ಮಾತೂ ಇದೆ. ನೀನು ಮಾಡಿದಷ್ಟಕ್ಕೆ ನಿನಗುಂಟು. ಪಕ್ಕದವನು ಮಾಡಿದಷ್ಟರಿಂದ ನಿನ್ನದನ್ನು ಅಳೆಯುವುದಿಲ್ಲ. ಇಂದು ಎರಡು ಪುಟ ತಿಳಿದು ಓದಿದವನು ಎರಡು ಪುಟದ ಫಲಕ್ಕೆ ಅರ್ಹನು. ಹತ್ತು ಪುಟ ಓದಿದ ಗೆಳೆಯನನ್ನು ನೋಡಿ ಆ ಎರಡನ್ನೂ ಮರೆಯುವವನು ತನ್ನ ಕೂಲಿಯನ್ನು ತಾನೇ ಚೆಲ್ಲಿದಂತೆ. ಕೆರೆಯು ಒಂದು ದಿನದಲ್ಲಿ ಏರಿಯಾಗುವುದಿಲ್ಲ, ಬುಟ್ಟಿ ಬುಟ್ಟಿ ಮಣ್ಣಿನಿಂದಲೇ ಆಗುವುದು. ಪರೀಕ್ಷೆಗೆ ಮುಂಚಿನ ಹದಿನೈದು ದಿನಗಳಲ್ಲಿ ಕೆರೆ ಕಟ್ಟಹೊರಟವನಿಗೆ ಉಂಟಾಗುವ ತಳಮಳವು, ವರ್ಷವಿಡೀ ದಿನಕ್ಕೊಂದು ಬುಟ್ಟಿ ಹಾಕಿದವನಿಗೆ ಉಂಟಾಗದು.

ಒಮ್ಮೆ ತಪ್ಪಿದರೆ ಮುಗಿಯಿತೆಂಬ ಭಯಕ್ಕೂ ಈಗ ಆಧಾರ ಕಡಮೆಯಾಗಿದೆ. ಕರ್ಣಾಟಕದಲ್ಲಿ 2024ರಲ್ಲಿ ಹತ್ತನೆಯ ತರಗತಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿಯನ್ನು ತಂದು, ಅವುಗಳಲ್ಲಿ ಉತ್ತಮವಾದ ಅಂಕಗಳನ್ನೇ ಉಳಿಸಿಕೊಳ್ಳುವ ಅವಕಾಶವನ್ನು ಕೊಡಲಾಯಿತು. ಮಗ್ಗದ ಮೇಲೆ ಎಳೆ ಕಡಿದರೆ ಮೊಳಕಾಲ್ಮೂರಿನ ನೇಕಾರನು ಸೀರೆಯನ್ನು ಬಿಸುಡುವುದಿಲ್ಲ. ಎಳೆಯನ್ನು ಹುಡುಕಿ ಗಂಟುಹಾಕಿ ಲಾಳಿಯನ್ನು ಮುಂದಕ್ಕೆ ಎಸೆಯುವನು. ನೇಯ್ದು ಮುಗಿದ ಸೀರೆಯಲ್ಲಿ ಆ ಗಂಟನ್ನು ಯಾರೂ ಹುಡುಕುವುದಿಲ್ಲ.

ಮನಸ್ಸಿನ ಸಂಕಟವು ಮಾತಿನಿಂದಲೂ ವಿಶ್ರಾಂತಿಯಿಂದಲೂ ಇಳಿಯದೆ, ಊಟ ನಿದ್ರೆಗಳನ್ನು ಕೆಡಿಸಿ, ಬದುಕೇ ಬೇಡವೆಂಬ ಯೋಚನೆಗೆ ತಿರುಗಿದರೆ ಅದು ರೋಗವೆಂದು ತಿಳಿಯಬೇಕು. ಅದು ಪಾಪವಲ್ಲ, ದೌರ್ಬಲ್ಯವಲ್ಲ, ದೆವ್ವದ ಚೇಷ್ಟೆಯೂ ಅಲ್ಲ. ಕೋಡಿಯಮಠದಲ್ಲಿ ವಿದ್ಯೆಯ ಪಕ್ಕದಲ್ಲಿಯೇ ಔಷಧಿಯೂ ಇದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2025ರ ಜುಲೈ ತಿಂಗಳಿನಲ್ಲಿ ಸುಪ್ರೀಂ ಕೋರ್ಟು, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳುಳ್ಳ ವಿದ್ಯಾಸಂಸ್ಥೆಗಳಲ್ಲಿ ತರಬೇತಿ ಹೊಂದಿದ ಸಲಹೆಗಾರರೊಬ್ಬರು ಇರಬೇಕೆಂದು ವಿಧಿಸಿತು. ನ್ಯಾಯಾಲಯದ ವಿಧಿಯನ್ನು ಕಾಗದದ ಮೇಲೆ ಪೂರೈಸುವುದು ಸುಲಭ. ಮಗುವಿನ ಹತ್ತಿರ ಕುಳಿತುಕೊಳ್ಳುವುದು ಮನಸ್ಸಿದ್ದವರ ಕೆಲಸ.

ಮಹೋತ್ಸವದ ಕಾಲದಲ್ಲಿ ಭಕ್ತರು ದಾಸೋಹಕ್ಕೆ ಅಕ್ಕಿ, ರಾಗಿ, ಬೇಳೆ, ಬೆಲ್ಲಗಳನ್ನು ತಂದೊಪ್ಪಿಸುವುದು ಪರಂಪರೆಯಿಂದ ಬಂದ ಪುಣ್ಯಕಾರ್ಯವು. ಅದು ನಿರಂತರವಾಗಿ ನಡೆಯಲಿ. ಅದರೊಡನೆ ಇನ್ನೊಂದು ಕಾಣಿಕೆಯನ್ನೂ ಭಕ್ತರು ಒಪ್ಪಿಸಬೇಕೆಂದು ಬೇಡುತ್ತೇವೆ. ನಿಲಯದಲ್ಲಿ ಓದಿ ಮುಂದೆ ಬಂದವರು ತಿಂಗಳಿಗೊಂದು ಸಂಜೆಯನ್ನಾದರೂ ತಮ್ಮ ಊರಿನ ವಿದ್ಯಾರ್ಥಿನಿಲಯದಲ್ಲಿ ಕಳೆಯಲಿ. ಉಪನ್ಯಾಸ ಮಾಡುವುದು ಬೇಡ. ಪಂಕ್ತಿಯಲ್ಲಿ ಮಕ್ಕಳೊಡನೆ ಕುಳಿತು ಉಂಡು, ತಾವು ಯಾವ ವಿಷಯದಲ್ಲಿ ತಪ್ಪಿದ್ದೆವು, ಯಾವ ಊರಿನ ನೆನಪಿನಿಂದ ಅತ್ತಿದ್ದೆವು, ಯಾರ ಮಾತಿನಿಂದ ಮತ್ತೆ ಪುಸ್ತಕ ಹಿಡಿದೆವು ಎಂಬುದನ್ನು ಹೇಳಲಿ. ಚಕ್ರವರ್ತಿಯೇ ತನ್ನ ಆಲಸ್ಯದ ವರ್ಷವನ್ನು ಕಲ್ಲಿನ ಮೇಲೆ ಕೆತ್ತಿಸಲು ನಾಚಲಿಲ್ಲವೆಂದ ಮೇಲೆ ನಮಗೇಕೆ ನಾಚಿಕೆ?

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಹೊರೆ ಹೊತ್ತವನು ಯಾರಾದರೊಬ್ಬರು ಕೈಕೊಟ್ಟು ಇಳಿಸಲೆಂದು ಕೂಗುವುದು ನಮ್ಮ ಹೊಲದ ದಾರಿಗಳಲ್ಲಿ ಅವಮಾನವೆನಿಸುವುದಿಲ್ಲ. ಓದಿನ ದಾರಿಯಲ್ಲಿಯೂ ಹಾಗೆಯೇ. ಗುರುವಿನ, ಗೆಳೆಯನ, ತಾಯಿಯ, ಅಕ್ಕನ ಹತ್ತಿರ ಇರಿ; ಹತ್ತಿರ ಇರುವವನೇ ಅಂತೇವಾಸಿ. ಆ ಶಬ್ದವು ಮೊಳಕಾಲ್ಮೂರಿನ ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬಿಸಿಲು ಮಳೆಗಳನ್ನು ತಡೆದು ನಿಂತಿದೆ. ಅದರ ಅರ್ಥವು ಶ್ರೀಮಠದ ಪಂಕ್ತಿಯಲ್ಲಿಯೂ ನಮ್ಮೆಲ್ಲರ ಮನೆಗಳಲ್ಲಿಯೂ ಚಿರಕಾಲ ನಿಲ್ಲುವಂತೆ ಪರಶಿವನು ಅನುಗ್ರಹಿಸಲಿ.